ಧರ್ಮದ ಹೆಸರಿನ್ಯಾಗ ವ್ಯಕ್ತಿಸ್ವಾತಂತ್ರ್ಯ ಕೇಳೋ ಭಾಷಣಾ ಬಿಡಿಸಿ ನೋಡೂದು ಹೆಂಗ?

ಘಟಪ್ರಭಾ_ದಂಡಿ (ಗೋಕಾಕ)

ನಮಸ್ಕಾರ್ರೀ ಎಲ್ಲಾರಿಗೂ. ಪದವಿ ಕಾಲೇಜಿನ ಚರ್ಚಾ ಸ್ಪರ್ಧೆಗೆ "ವ್ಯಕ್ತಿಸ್ವಾತಂತ್ರ್ಯಕ್ಕೆ ಧರ್ಮವೇ ಗಟ್ಟಿ ಬುನಾದಿ" ಅಂತ ವಿಷಯ ಕೊಟ್ಟಾರ. ಪರ ಮಾತಾಡೋರು ನಾಕು ವಚನ ಹೇಳಿ ಚಪ್ಪಾಳಿ ತಗೊಂಡು ಕೂಡತಾರ. ವಿರೋಧದವರು "ಧರ್ಮ ಬಂದಲ್ಲಿ ತರ್ಕ ಇರೂದಿಲ್ಲ" ಅನ್ನೋ ಒಂದs ಮಾತು ಹಿಡದು ಜಗ್ಗತಾರ. ವಾದದ ಒಳಗ ಯಾರೂ ಇಳಿಯೂದಿಲ್ಲ.

ರಾಜಕೀಯ ಭಾಷಣದಾಗ ದೇವರ ಹೆಸರು ಹೇಳಿ ಸ್ವಾತಂತ್ರ್ಯ ಕೇಳಿದಾಗ ಆ ವಾದ ಯಾವುದರ ಮ್ಯಾಲೆ ನಿಂತೈತಿ, ಎಲ್ಲಿ ಸಡಿಲ ಐತಿ ಅಂತ ಹುಡುಗರಿಗೆ ತೋರಿಸಬೇಕು. ಪದ್ಧತಿ ಹೇಳ್ರಿ, ಉದಾಹರಣೆ ಸೈತ ಕೊಡ್ರಿ. ನಮ್ಮ ಪಕ್ಷ, ನಿಮ್ಮ ಪಕ್ಷ ಅನ್ನೋದು ಬ್ಯಾಡ.

ಜಮಖಂಡಿ_ಮಾಸ್ತರ

ನ್ಯಾಯಶಾಸ್ತ್ರ, ಅಂದ್ರ ನಮ್ಮ ಹಳೇ ತರ್ಕಶಾಸ್ತ್ರದಾಗ ವಾದಕ್ಕ ಹೇಳಿದ ಐದು ಅವಯವ ತಗೋರಿ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನ ಈ ಸಂಗತಿಗೆ ಹಚ್ಚೂದು), ನಿಗಮನ (ತೀರ್ಮಾನ). ಭಾಷಣದ ಎರಡ ನಿಮಿಷದ ತುಂಡು ಆರಿಸಿ ಅಕ್ಷರ ಬಿಡದಂಗ ಬರಸ್ರಿ, ಒಂದು ಸಾಲಿಗೆ ಒಂದs ವಾಕ್ಯ. ಸುಮಾರು 200 ಶಬ್ದ ಆಗತಾವ. ಎಡಕ್ಕ ಆ ವಾಕ್ಯ ಐದರಾಗ ಯಾವುದು ಅಂತ, ಬಲಕ್ಕ ಅದನ್ನ ಯಾರಿಗೆ ಹೇಳ್ಯಾರ ಅಂತ ಗುರುತ ಹಾಕಸ್ರಿ. ದೇವರಿಗೋ, ಸರ್ಕಾರಕ್ಕೋ, ಎದುರು ಕುಂತ ಮಂದಿಗೋ? ಎಡಗಡೆ ಕೆಲಸ ಎಲ್ಲಾರೂ ಮಾಡತಾರ, ಬಲಗಡೆ ಕೆಲಸ ಯಾರೂ ಮಾಡೂದಿಲ್ಲ. ತಪ್ಪು ಸಿಗೂದು ಬಲಕ್ಕ.

ಇನ್ನ ಮುಖ್ಯ ಮಾತು. ನ್ಯಾಯದಾಗ ಉದಾಹರಣೆ ಅಂದ್ರ ಬರೇ ಕತಿ ಅಲ್ಲ. "ಎಲ್ಲೆಲ್ಲಿ ಹೊಗೆ ಅಲ್ಲಲ್ಲಿ ಬೆಂಕಿ, ಅಡಿಗಿಮನಿಯೊಳಗ ಕಂಡಂಗ" ಅಂತ ವ್ಯಾಪ್ತಿ, ಅಂದ್ರ ಎಲ್ಲಾ ಕಡೆ ಸಲ್ಲೋ ನಿಯಮ, ಕೂಡಿಸಿ ಹೇಳಬೇಕು. ವೇದಿಕೆಯ ಭಾಷಣದಾಗ ಬಿಟ್ಟು ಹೋಗೂದು ಈ ವ್ಯಾಪ್ತಿ. "ಎಲ್ಲಾರೂ ದೇವರ ಮಕ್ಕಳು, ಅದಕ್ಕ ಯಾರ ಮ್ಯಾಲೂ ಜಬರದಸ್ತಿ ಮಾಡಬಾರದು" ಅಂತಾರ. ಪ್ರತಿಜ್ಞೆ ಐತಿ, ಹೇತು ಐತಿ. "ಒಬ್ಬ ತಂದಿಯ ಮಕ್ಕಳ ನಡುವ ಯಾರಿಗೂ ಯಾರ ಮ್ಯಾಲೂ ಅಧಿಕಾರ ಇಲ್ಲ" ಅನ್ನೋ ನಡುವಿನ ಮಾತು ಮಾತ್ರ ಬಾಯಿಂದ ಬರಲಿಲ್ಲ. ಅದನ್ನ ಹುಡುಗರ ಕೈಲೆ ಬರಸ್ರಿ. ಬರದ ಕೂಡ್ಲೆ ಗೊತ್ತಾಗತೈತಿ, ತಂದಿ ಅನ್ನೋ ಹೋಲಿಕಿ ಎರಡೂ ದಿಕ್ಕಿಗೆ ತಿರಗತೈತಿ ಅಂತ.

ಇಂಗ್ಲೆಂಡಿನ ರಾಬರ್ಟ್ ಫಿಲ್ಮರ್ ಅಂಬಾವ ಆದಮನ ತಂದಿತನದಿಂದನ ಅರಸನ ಪೂರ್ಣಾಧಿಕಾರ ಸಾಧಿಸಿದ್ದ. ಅವ ತೀರಿದ ಮ್ಯಾಲೆ 1680ರಾಗ ಆ ಪುಸ್ತಕ ಅಚ್ಚಾತು. ಅದನ್ನ ಮುರೀಲಿಕ್ಕೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಸರ್ಕಾರದ ಬಗ್ಗೆ ಬರದ ಎರಡು ಪ್ರಬಂಧದಾಗ ಮೊದಲನೇದು ಪೂರ್ತಿ ಮೀಸಲಿಟ್ಟ. ಬೈಬಲ್ಲು ಒಂದs, ನಿಗಮನ ಎರಡು. ಹಿಂಗ ಎರಡೂ ಕಡೆ ಜಾರೋ ಹೇತುವಿಗೆ ಸವ್ಯಭಿಚಾರ ಅಂತಾರ.

ಹಿಡಕಲ್_ನೀರು

ಮಾಸ್ತರ, ಇಷ್ಟೆಲ್ಲಾ ಯಾಕ ಬೇಕ್ರಿ? ರಾಜಕೀಯದಾಗ ಧರ್ಮದ ಮಾತು ಆಡೂದs ಕಾಯ್ದೆಕ್ಕ ವಿರುದ್ಧ. ಸುಪ್ರೀಂ ಕೋರ್ಟೂ ಹೇಳೇತಿ. ಅಲ್ಲಿಗೆ ಮುಗೀತಲ್ಲ.

ನ್ಯಾಯನೋಟ (ಬೆಳಗಾವಿ)

ಮುಗಿಯಲಿಲ್ಲ. ನೀವು ಹೇಳುತ್ತಿರುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ. ಚುನಾವಣೆಯಲ್ಲಿ ಅಭ್ಯರ್ಥಿ, ಅವನ ಏಜೆಂಟ್ ಅಥವಾ ಅವರ ಒಪ್ಪಿಗೆ ಪಡೆದವರು ಧರ್ಮ, ಜಾತಿ, ಭಾಷೆಯ ಆಧಾರದ ಮೇಲೆ ಮತ ಹಾಕಿ ಅಥವಾ ಹಾಕಬೇಡಿ ಎಂದು ಕೇಳಿದರೆ ಅದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಈ ಕಲಮನ್ನು ವಿಸ್ತರಿಸಿ ಓದಿತು. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ತಪ್ಪು ಎಂದಿತು. ಅದೂ 4-3ರ ಬಹುಮತ.

ಸದನದಲ್ಲಿ, ಚಳವಳಿಯಲ್ಲಿ, ಪತ್ರಿಕೆಯಲ್ಲಿ, ಕಾಲೇಜಿನ ವೇದಿಕೆಯಲ್ಲಿ "ನನ್ನ ಧರ್ಮ ಹೀಗೆ ಹೇಳುತ್ತದೆ, ಆದ್ದರಿಂದ ಈ ಕಾನೂನು ಬೇಡ" ಎನ್ನುವುದಕ್ಕೆ ಆ ಕಲಂ ಅಡ್ಡ ಬರುವುದಿಲ್ಲ. ಅಂಥ ಮಾತು ಆಡಬಹುದು. ಚೆನ್ನಾಗಿದೆಯೋ ಇಲ್ಲವೋ ಎನ್ನುವುದೇ ಇಲ್ಲಿಯ ಪ್ರಶ್ನೆ.

ಗುಮ್ಮಟನಗರಿ (ವಿಜಯಪುರ)

ಮಾಸ್ತರರ ಬಲಗಡೆ ಗುರುತಿಗೆ ನಮ್ಮ ಜಿಲ್ಲೆದವರ ಮಾತs ಉದಾಹರಣೆ ಕೊಡ್ತೀನಿ. ಬಸವಣ್ಣನವರ "ನ್ಯಾಯನಿಷ್ಠುರಿ, ದಾಕ್ಷಿಣ್ಯಪರ ನಾನಲ್ಲ, ಲೋಕವಿರೋಧಿ, ಶರಣನಾರಿಗಂಜುವನಲ್ಲ" ಅನ್ನೋದು ಎಲ್ಲಾ ಪಕ್ಷದವರ ಬಾಯಾಗೂ ಅದ. ಫ್ಲೆಕ್ಸಿನ ಮ್ಯಾಲೆ ಇಷ್ಟಕ್ಕs ನಿಲ್ಲಸ್ತಾರ. ವಚನ ಅಲ್ಲಿಗೆ ನಿಲ್ಲೂದಿಲ್ಲ. "ಕೂಡಲಸಂಗಮದೇವರ ರಾಜತೇಜದಲ್ಲಿಪ್ಪನಾಗಿ" ಅಂತ ಇನ್ನೊಂದು ಸಾಲು ಅದ. ಹೇತು ಇರೋದs ಆ ಸಾಲಿನ್ಯಾಗ. ಯಾರಿಗೂ ಅಂಜೂದಿಲ್ಲ, ಯಾಕಂದ್ರ ಇನ್ನೊಬ್ಬ ದೊಡ್ಡ ರಾಜನ ಆಳ್ವಿಕ್ಯಾಗ ಇದ್ದೀನಿ.

ಬಿಜ್ಜಳನ ಭಂಡಾರದ ಲೆಕ್ಕ ನೋಡಿದ ಮನಷ್ಯಾ ಅರಮನಿಯ ಶಬ್ದಾನs ಎತ್ತಿ ದೇವರಿಗೆ ಇಟ್ಟಾರ. ಕೇಳಿದವರಿಗೆ ತಕ್ಷಣ ತಿಳೀತದ, ಭೂಮಿಯ ರಾಜ ಎರಡನೇ ಸ್ಥಾನಕ್ಕ ಇಳದ ಅಂತ. ಧಾರ್ಮಿಕ ಸ್ವಾತಂತ್ರ್ಯವಾದದ ಕೀಲು ಇದೇ: ಮ್ಯಾಲಿನ ಅಧೀನತಾ ಒಪ್ಪಿ ಕೆಳಗಿನ ಅಧೀನತಾ ಹರಿಯೋದು. ಕೊನಿ ಸಾಲು ಕತ್ತರಿಸಿದ್ರ ಉಳಿಯೋದು ಬರೇ ಧೈರ್ಯದ ಮಾತು. ವಾದ ಉಳಿಯೂದಿಲ್ಲ.

ಅಥಣಿ_ಓದುಗ

ಇದೇ ಕೀಲು ಲಾಕ್‌ನಲ್ಲೂ ಇದೆ. 1689ರಲ್ಲಿ ಹೊರಬಂದ ಎರಡನೇ ಪ್ರಬಂಧದಲ್ಲಿ ಅವನ ಹೇತು: ಮನುಷ್ಯರೆಲ್ಲ ಒಬ್ಬ ಸೃಷ್ಟಿಕರ್ತನ ಕೈಕೆಲಸ, ಅವನ ಸೊತ್ತು. ಆದ್ದರಿಂದ ಒಬ್ಬ ಇನ್ನೊಬ್ಬನನ್ನು ತನ್ನ ಉಪಯೋಗಕ್ಕೆ ಬಳಸುವಂತಿಲ್ಲ, ನಾಶ ಮಾಡುವಂತಿಲ್ಲ. ಆದರೆ ಅದೇ ಹೇತುವಿನಿಂದ ಇನ್ನೊಂದೂ ಹೊರಡುತ್ತದೆ. ನನ್ನ ಜೀವದ ಮೇಲೆ ನನಗೂ ಪೂರ್ಣ ಹಕ್ಕಿಲ್ಲ. ಆತ್ಮಹತ್ಯೆ ಇಲ್ಲ, ತನ್ನನ್ನೇ ಗುಲಾಮಗಿರಿಗೆ ಮಾರಿಕೊಳ್ಳುವುದೂ ಇಲ್ಲ. ಸ್ವಾತಂತ್ರ್ಯ ಕೊಟ್ಟ ವಾಕ್ಯವೇ ಅದರ ಬೇಲಿಯನ್ನೂ ಹಾಕಿದೆ. ಪರ ಮಾತಾಡುವ ಹುಡುಗರಿಗೆ ಎದುರಾಳಿ ಹಿಡಿಯುವುದು ಇಲ್ಲೇ. ಮೊದಲೇ ಸಿದ್ಧ ಮಾಡಿ.

ಅದೇ ವರ್ಷದ ಸಹಿಷ್ಣುತೆಯ ಪತ್ರದಲ್ಲಿ ಬೇರೆ ಹೇತು ಹಿಡಿದ: ನಂಬಿಕೆ ಒಳಗಿನಿಂದ ಹುಟ್ಟಬೇಕು, ದಂಡ ಅದನ್ನು ಹುಟ್ಟಿಸಲಾರದು, ಹಾಗಾಗಿ ಸರ್ಕಾರದ ಬಲವಂತ ವ್ಯರ್ಥ. ಕೇಳಲು ಬಲು ಚೆಂದ. 1690ರಲ್ಲಿ ಜೋನಸ್ ಪ್ರೋಸ್ಟ್ ಎಂಬ ಪಾದ್ರಿ ಇದರ ನರ ಹಿಡಿದ. ಬಲವಂತ ನೇರವಾಗಿ ನಂಬಿಕೆ ಹುಟ್ಟಿಸದಿರಬಹುದು, ಆದರೆ ಮನುಷ್ಯನನ್ನು ಕೂರಿಸಿ ಕೇಳುವ ಹಾಗೆ ಮಾಡಬಹುದಲ್ಲ, ಕೇಳುತ್ತ ಕೇಳುತ್ತ ನಂಬಿಕೆ ಬರಬಹುದಲ್ಲ? ಲಾಕ್ ಇದಕ್ಕೆ ಉದ್ದುದ್ದ ಉತ್ತರ ಬರೆದ. ಆದರೂ ಪೆಟ್ಟು ಪೆಟ್ಟೇ. "ಬಲವಂತ ಫಲ ಕೊಡುವುದಿಲ್ಲ" ಎನ್ನುವುದರ ಮೇಲೆ ಸ್ವಾತಂತ್ರ್ಯ ಕಟ್ಟಿದರೆ, ಫಲ ಕೊಡುವ ಬಲವಂತ ಸಿಕ್ಕ ದಿನ ಅದು ಕುಸಿಯುತ್ತದೆ. "ಫಲ ಕೊಟ್ಟರೂ ಸಲ್ಲದು" ಎನ್ನುವ ವಾದ ಬೇರೆ, ಅದಕ್ಕೆ ಬೇರೆ ಹೇತು ಬೇಕು.

ತಾಳಿಕೋಟಿ_ರಸ್ತೆ

ಕುರಾನಿನ ಎರಡನೇ ಅಧ್ಯಾಯದ 256ನೇ ವಾಕ್ಯ, "ಧರ್ಮದಲ್ಲಿ ಬಲವಂತವಿಲ್ಲ" ಅನ್ನೋದಕ್ಕೂ ಈ ಎರಡೂ ಓದು ಅದಾವು. ಬಲವಂತ ಆಗೂದs ಇಲ್ಲ ಅಂತ ಒಂದು, ಬಲವಂತ ಮಾಡಬ್ಯಾಡ್ರಿ ಅಂತ ಇನ್ನೊಂದು. ವೇದಿಕಿ ಮ್ಯಾಲೆ ಅದನ್ನ ಹೇಳೋರು ಯಾವ ಓದು ತಗೊಂಡೀನಿ ಅಂತ ಹೇಳೂದಿಲ್ಲ. ಮತ್ತ ಅದು ಒಳಗ ಬರೋರಿಗಷ್ಟೇನೋ, ಬಿಟ್ಟು ಹೋಗೋರಿಗೂ ಸಲ್ಲತದೋ ಅಂತ ಇಸ್ಲಾಮಿನ ಪ್ರಾಚೀನ ಕಾನೂನುಪಂಡಿತರ ಕಾಲದಿಂದ ಚರ್ಚಾ ನಡದದ.

ಇಳಕಲ್ಲ_ಸೆರಗು

ಬಿಟ್ಟು ಹೋಗೋರ ಮಾತು ತಗದ್ರಿ, ಛಲೋ ಆತು. ಎಲ್ಲಾ ಧಾರ್ಮಿಕ ಸ್ವಾತಂತ್ರ್ಯವಾದಕ್ಕೂ ಈ ಒಂದು ಪರೀಕ್ಷಾ ಹಚ್ಚಬೇಕು: ಹೇಳೋರ ಸ್ವಂತ ಧರ್ಮ ಬಿಟ್ಟು ಹೊಂಟವರಿಗೂ ಅದೇ ಸ್ವಾತಂತ್ರ್ಯ ಸಿಗತೈತೇನು? ಲಾಕ್ ಇಲ್ಲಿ ಸೋತ. ನಾಸ್ತಿಕರಿಗೆ ಸಹಿಷ್ಣುತಾ ಬ್ಯಾಡ ಅಂದ, ಯಾಕಂದ್ರ ದೇವರನ್ನ ನಂಬದವರ ಆಣಿ, ಕರಾರು ಹಿಡಿತ ಇಲ್ಲದ್ದು ಅಂತ ಅವನ ಲೆಕ್ಕ.

ನಮ್ಮ ರಾಜ್ಯದ್ದs ನೋಡ್ರಿ. 2021ರ ಡಿಸೆಂಬರ್‌ನಾಗ ಬೆಳಗಾವಿ ಸುವರ್ಣ ವಿಧಾನಸೌಧದಾಗ ವಿಧಾನಸಭೆ ಒಪ್ಪಿದ ಮತಾಂತರ ವಿಧೇಯಕದ ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ವಿಧೇಯಕ. ಒಳಗಿನ ವಿಧಿ ಅಂದ್ರ ಮತಾಂತರಕ್ಕ 30 ದಿನ ಮೊದಲ ಜಿಲ್ಲಾ ದಂಡಾಧಿಕಾರಿಗೆ ಘೋಷಣಾ ಪತ್ರ. ಪರ ಇದ್ದವರು ಆಮಿಷದಿಂದ, ಮೋಸದಿಂದ ಸ್ವಾತಂತ್ರ್ಯ ಅಂದ್ರು. ವಿರೋಧ ಇದ್ದವರು ಸರ್ಕಾರದಿಂದ ಸ್ವಾತಂತ್ರ್ಯ ಅಂದ್ರು. "ಯಾರಿಂದ" ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಿದ್ರ ಅರ್ಧ ಜಗಳ ಸ್ಪಷ್ಟ ಆಗತಿತ್ತು. ಹುಡುಗರಿಗೆ ಅಲ್ಲಿಯ ಶಿಕ್ಷೆಯ ಕಲಂ ಓದಸ್ರಿ. ಅಪ್ರಾಪ್ತರು, ಅಸ್ವಸ್ಥ ಮನಸ್ಸಿನವರು, ಪರಿಶಿಷ್ಟ ಜಾತಿ ಪಂಗಡದವರು, ಇವರ ಸಾಲಿನ್ಯಾಗ ಮಹಿಳೆಯರನ್ನೂ ಕೂಡಿಸಿ, ಇಂಥವರನ್ನ ಆ ಕಾಯ್ದೆಕ್ಕ ವಿರುದ್ಧ ಮತಾಂತರ ಮಾಡಿದ್ರ 3ರಿಂದ 10 ವರ್ಷ ಜೇಲು ಅಂತ ಇಟ್ಟಿದ್ರು. ವಯಸ್ಸಿಗೆ ಬಂದ ಹೆಣ್ಣುಮಗಳ ನಿರ್ಧಾರ ಅವಳದಲ್ಲ ಅನ್ನೋ ವ್ಯಾಪ್ತಿ ಅದರೊಳಗ ಕುಂತೈತಿ. ರಕ್ಷಣಾ ಅನ್ನೋ ಹೆಸರಿನ್ಯಾಗ ಕುಂತದ್ದಕ್ಕ ಅದು ಕಣ್ಣಿಗೆ ಬೀಳೂದಿಲ್ಲ.

ಹಿಡಕಲ್_ನೀರು

ಅಕ್ಕಾರ, ಬಡವರಿಗೆ ಆಮಿಷ ತೋರಿಸೂದು ಸುಳ್ಳೇನು? ಅದನ್ನ ತಡೀಲಾರದ ಕಾಯ್ದೆ ಯಾತಕ್ಕ?

ಇಳಕಲ್ಲ_ಸೆರಗು

ಆಮಿಷ ಸುಳ್ಳು ಅಂತ ಎಲ್ಲೆ ಅಂದೀನ್ರಿ ಅಣ್ಣಾರ? ಮೋಸಕ್ಕ ಶಿಕ್ಷಾ ಇರಬೇಕು. ಮೋಸ ಮಾಡಿದವಗ ಶಿಕ್ಷಾ ಕೊಡೂದು ಒಂದು. ಮನಸ್ಸು ಬದಲಿಸಿದವರು ಮೊದಲ ಸಾಹೇಬರ ಕಚೇರಿಗೆ ಬಂದು ಹೇಳಬೇಕು ಅನ್ನೋದು ಇನ್ನೊಂದು. ಎರಡಕ್ಕೂ ಒಂದs ಹೇತು ಹಚ್ಚಬ್ಯಾಡ್ರಿ ಅಂದದ್ದು.

ನ್ಯಾಯನೋಟ (ಬೆಳಗಾವಿ)

ಸೇರಿಸುವುದು ಎರಡಿದೆ. ಈ ಬಗೆಯ ಕಾನೂನು ಹೊಸದಲ್ಲ, ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ತಂದವು. ಹೆಸರಿನಲ್ಲಿ ಅಲ್ಲಿಯೂ ಸ್ವಾತಂತ್ರ್ಯವೇ. ಸುಪ್ರೀಂ ಕೋರ್ಟಿನ 1977ರ ಸ್ಟೇನಿಸ್ಲಾಸ್ ತೀರ್ಪು ಅವನ್ನು ಎತ್ತಿಹಿಡಿಯಿತು. ಧರ್ಮಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮ ರಾಜ್ಯದಲ್ಲಿ ಪರಿಷತ್ತಿನ ಒಪ್ಪಿಗೆ 2022ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು.

ಇನ್ನು ಕೋರ್ಟಿನ ವಾದಶೈಲಿಯ ಬಗ್ಗೆ. 1954ರ ಶಿರೂರು ಮಠದ ಪ್ರಕರಣದಿಂದ "ಧರ್ಮದ ಅತ್ಯಗತ್ಯ ಭಾಗ" ಎನ್ನುವ ಅಳತೆ ಬಂತು. ಅದರ ಪರಿಣಾಮ ವಿಚಿತ್ರ. ಸರ್ಕಾರದಿಂದ ಬಿಡುಗಡೆ ಬೇಕೆಂದರೆ ಧರ್ಮದೊಳಗೆ ನನಗೆ ಬಿಡುಗಡೆ ಇಲ್ಲ ಎಂದು ಸಾಬೀತು ಮಾಡಬೇಕು. "ನನಗೆ ಬೇಕು" ಎಂದರೆ ಸಾಲದು, "ನನ್ನ ಧರ್ಮ ಆಜ್ಞೆ ಮಾಡಿದೆ, ಮೀರಲಾರೆ" ಎನ್ನಬೇಕು. ಹಿಜಾಬ್ ಪ್ರಕರಣದಲ್ಲಿ ಇದು ಬಿಚ್ಚಿಕೊಂಡಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಅದು ಅತ್ಯಗತ್ಯ ಆಚರಣೆ ಅಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿ ತಿರಸ್ಕರಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಕೊನೆಗೆ ಇದು ಆಯ್ಕೆಯ ವಿಷಯ ಎಂದರು. ತೀರ್ಪು ಯಾರಿಗೆ ಹಿಡಿಸಿತು ಎನ್ನುವುದನ್ನು ಪಕ್ಕಕ್ಕಿಡಿ. ಆಜ್ಞೆಯ ವಾದ, ಆಯ್ಕೆಯ ವಾದ ಎರಡನ್ನೂ ಒಂದೇ ಭಾಷಣದಲ್ಲಿ ಬೆರೆಸಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ನಾಲ್ಕು ನಿಮಿಷದ ಚರ್ಚೆಯಲ್ಲಿ ಹುಡುಗರು ಇದನ್ನು ಮಾಡಿಯೇ ಮಾಡುತ್ತಾರೆ.

ಬಾಗೇವಾಡಿ_ಕಡೆಯಾವ

ಜಗತ್ತಿನ ಮೊದಲ ಸಂಸತ್ತು ಅನುಭವ ಮಂಟಪ. ಅದನ್ನ ಹೇಳಿದ್ರ ಪರ ವಾದ ಅಲ್ಲೇ ಗೆದ್ದಂಗs ಅದಲ್ಲ? ಬಸವಣ್ಣ ಹುಟ್ಟಿದ ಬಾಗೇವಾಡಿಯ ಹೆಮ್ಮಿ ಅದು.

ಗುಮ್ಮಟನಗರಿ (ವಿಜಯಪುರ)

ಇಂಗಳೇಶ್ವರದವರು ಇದನ್ನ ಓದಿದ್ರ ಸುಮ್ಮನ ಬಿಡೂದಿಲ್ಲ, ಹುಟ್ಟಿದ್ದು ತಾಯಿಯ ತವರಮನ್ಯಾಗ ಅಂತಾರ ಅವರು.

ಬಾಗೇವಾಡಿ_ಕಡೆಯಾವ

ತವರಮನಿ ಇರಬಹುದು. ಊರು ಬಾಗೇವಾಡಿನೇ.

ನಿರ್ವಾಹಕ

ಹುಟ್ಟೂರಿನ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಜಮಖಂಡಿ_ಮಾಸ್ತರ

ಸಂಸತ್ತಿನ ಮಾತಿಗೆ ಉತ್ತರ ಕೊಡಬೇಕು, ಯಾಕಂದ್ರ ಹುಡುಗರು ಇಲ್ಲೇ ಅಂಕ ಕಳಕೋತಾರ. ಅನುಭವ ಮಂಟಪದ ಬಗ್ಗೆ ನಮಗ ಸಿಗೋ ವಿಸ್ತಾರದ ಚಿತ್ರ ಬಹಳಷ್ಟು 15ನೇ ಶತಮಾನ ಮತ್ತ ಆಮ್ಯಾಲಿನ ಸಂಕಲನದ್ದು. ಮತ್ತ ಸಂಸತ್ತು ಅಂದ್ರ ತೆರಿಗೆ ಹಾಕತೈತಿ, ಕಾಯ್ದೆ ಮಾಡತೈತಿ, ಚುನಾವಣೆಯಿಂದ ಬದಲಾಗತೈತಿ. ಎದುರಾಳಿ "ಅಲ್ಲಿ ಯಾವ ಕರ ಪಾಸಾತು?" ಅಂತ ಒಂದs ಪ್ರಶ್ನೆ ಕೇಳಿದ್ರ ಸಾಕು. ಅದರ ಬದಲಿ ಖಾತ್ರಿ ಇದ್ದದ್ದನ್ನ ಹೇಳಸ್ರಿ. ಬ್ಯಾರೆ ಬ್ಯಾರೆ ಕಾಯಕದವರು, ಹೆಣ್ಣುಮಕ್ಕಳು ಸೈತ, ತಮ್ಮ ತಮ್ಮ ಅಂಕಿತದಾಗ ವಚನ ಬರದಾರ, ಒಬ್ಬರನ್ನೊಬ್ಬರು ಟೀಕಿಸ್ಯಾರ. ಅಂಕಿತ ಅಂದ್ರ ವ್ಯಕ್ತಿಯ ಸಹಿ. ವ್ಯಕ್ತಿಸ್ವಾತಂತ್ರ್ಯಕ್ಕ ಇದು ಗಟ್ಟಿ ಸಾಕ್ಷಿ.

ಅಂಕಿತ ನೋಡೂದು ಕಳ್ಳ ವಚನ ಹಿಡೀಲಿಕ್ಕೂ ಬೇಕು. ಮೊಬೈಲಿನ್ಯಾಗ ಬರೋ "ಬಸವಣ್ಣನ ವಚನ"ಕ್ಕ ಕೂಡಲಸಂಗಮದೇವ ಇಲ್ಲದಿದ್ರ ಮೊದಲ ಸಂಶಯ ಪಡಬೇಕು. ಚೆನ್ನಮಲ್ಲಿಕಾರ್ಜುನ ಇದ್ರ ಅಕ್ಕ, ಗುಹೇಶ್ವರ ಇದ್ರ ಅಲ್ಲಮ, ರಾಮನಾಥ ಇದ್ರ ದಾಸಿಮಯ್ಯ. ಸರ್ಕಾರದ ಸಮಗ್ರ ವಚನ ಸಂಪುಟ 15 ಅದಾವ, ಬಸವಣ್ಣಂದು ಮೊದಲನೇದು. ಅದರಾಗ ತಾಳೆ ನೋಡದs ವೇದಿಕಿ ಏರಿಸಬ್ಯಾಡ್ರಿ. ಫ. ಗು. ಹಳಕಟ್ಟಿಯವರು ತಾಳೆಗರಿ ಕೂಡಿಸಿ ವಿಜಯಪುರದಾಗ ಜೀವ ತೇದದ್ದು ಶುದ್ಧ ಪಾಠ ಸಿಗಲಿ ಅಂತ.

ಇಳಕಲ್ಲ_ಸೆರಗು

ದಾಸಿಮಯ್ಯನ ಹೆಸರು ಬಂತಲ್ಲ, "ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ" ಅನ್ನೋದು ಮಹಿಳಾ ದಿನಾಚರಣೆಯ ಎಲ್ಲಾ ಭಾಷಣದಾಗೂ ಇರತೈತಿ. ಆತ್ಮದಿಂದ ಕಾಯ್ದೆದ ತನಕ ಬರಲಿಕ್ಕೆ ಇನ್ನೊಂದು ಮೆಟ್ಟಲು ಬೇಕು, ಅದನ್ನ ಯಾರೂ ಕಟ್ಟೂದಿಲ್ಲ. ಆತ್ಮ ಸಮಾನ ಅಂತ ಒಪ್ಪಿದ ಮನಿತನದವರs ಹೊಲದ ಉತಾರದಾಗ ಮಗಳ ಹೆಸರು ಏರಿಸೂದಿಲ್ಲ. ಪಿತ್ರಾರ್ಜಿತ ಆಸ್ತಿಯೊಳಗ ಮಗಳಿಗೆ ಮಗನ ಸಮ ಪಾಲು ಅಂತ ದೇಶಕ್ಕೆಲ್ಲ ಆದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ. "ಆತ್ಮ ಸಮಾನ, ಆದ್ದರಿಂದ ದೇಹಕ್ಕ ಇಂಥಿಂಥ ಹಕ್ಕು" ಅಂತ ಭಾಷಣಕಾರ ಬಿಡಿಸಿ ಹೇಳಿದನೇನು ಅಂತ ನೋಡ್ರಿ. ಹೇಳದಿದ್ರ ಆ ಮಾತಿನಿಂದ ಯಾರಿಗೂ ಏನೂ ಸಿಗೂದಿಲ್ಲ.

ಮುಧೋಳ_ಹುಡುಗ

ಪೂರ್ತಿ ಕಟ್ಟಿದ ವಾದದ ಮಾದರಿ ಬೇಕಂದ್ರ ಅಮೆರಿಕದಾಗ ಕಪ್ಪು ಜನರ ಹಕ್ಕಿಗೆ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್ 16ರಂದು ಬರ್ಮಿಂಗ್‌ಹ್ಯಾಮ್ ಜೇಲಿನಿಂದ ಬರದ ಪತ್ರ ತಗೋರಿ. ಚಳವಳಿ ಬ್ಯಾಡ, ಕೋರ್ಟಿಗೆ ಹೋಗ್ರಿ ಅಂದ ಎಂಟು ಬಿಳಿಯ ಧರ್ಮಗುರುಗಳಿಗೆ ಕೊಟ್ಟ ಉತ್ತರ ಅದು. ಆ ಎಂಟರಾಗ ಒಬ್ಬರು ಯಹೂದಿ ರಬ್ಬಿ, ಕ್ಯಾಥೊಲಿಕ್ ಬಿಷಪ್ಪರೂ ಇದ್ರು. ಅದಕ್ಕs ಪತ್ರದಾಗ ಕ್ಯಾಥೊಲಿಕ್ ಸಂತರಾದ ಆಗಸ್ಟೀನ್ ಮತ್ತ ಅಕ್ವಿನಾಸ್ ಬಂದ್ರು, ಯಹೂದಿ ಚಿಂತಕ ಬೂಬರ್ ಬಂದ್ರು, ಪ್ರಾಟೆಸ್ಟಂಟ್ ಟಿಲ್ಲಿಕ್ ಬಂದ್ರು. ಎದುರಿನವರು ಒಪ್ಪಿದ ಪ್ರಮಾಣಾನs ಎತ್ತಿ ಅವರ ಮುಂದ ಇಟ್ಟಾರ.

ಇಷ್ಟಕ್ಕs ನಿಂತಿದ್ರ ಅದು ಬರೇ ಪ್ರವಚನ ಆಗತಿತ್ತು. ಮುಂದ ದೇವರ ಹೆಸರಿಲ್ಲದs ಅದೇ ನಿಗಮನಕ್ಕ ಇನ್ನೊಂದು ದಾರಿಲೆ ಬರತಾರ. ಬಹುಸಂಖ್ಯಾತರು ತಾವು ಪಾಲಿಸದ ಕಾನೂನು ಅಲ್ಪಸಂಖ್ಯಾತರ ಮ್ಯಾಲೆ ಹೇರಿದ್ರ ಅದು ಅನ್ಯಾಯ. ಮತದ ಹಕ್ಕಿಲ್ಲದ ಮಂದಿ ಮ್ಯಾಲೆ ಅಲಬಾಮಾದ ಶಾಸನಸಭೆ ಮಾಡಿದ ಕಾನೂನೂ ಅನ್ಯಾಯ. ನಂಬಿಕಿ ಇಲ್ಲದವರಿಗೂ ಬಾಗಿಲ ತಗದಂಗಾತು. ಮತ್ತ ಕಾನೂನು ಮುರದವ ಬಹಿರಂಗ ಮುರೀಬೇಕು, ಶಿಕ್ಷಾ ಒಪ್ಪಕೋಬೇಕು ಅಂತ ತನಗs ಮಿತಿ ಹಾಕ್ಕೊಂಡಾರ.

ಹಿಡಕಲ್_ನೀರು

ಎರಡನೇ ದಾರಿ ಸಾಕಿತ್ತಲ್ಲ, ಮೊದಲನೇದು ಯಾಕ ಬೇಕಿತ್ತು? ಗುಲಾಮಗಿರಿ ಇಟ್ಟವರೂ ಬೈಬಲ್ಲs ಓದತಿದ್ರು.

ಮುಧೋಳ_ಹುಡುಗ

ಖರೇ ಐತ್ರಿ, ಬೈಬಲ್ಲಿನ ನೋಹನ ಶಾಪದ ಕತಿ ಹೇಳಿ ಗುಲಾಮಗಿರಿ ಸಮರ್ಥಿಸ್ಯಾರ. ಆದ್ರ ಆ ಎಂಟು ಮಂದಿಗೆ ಪತ್ರ ಬರೀವಾಗ ಅವರ ಗ್ರಂಥ ಬಿಟ್ಟುಕೊಟ್ರ, ಅದು ಗುಲಾಮಗಿರಿಯವರ ಪಾಲಿಗೆ ಉಳೀತಿತ್ತು.

ನ್ಯಾಯನೋಟ (ಬೆಳಗಾವಿ)

ಹಿಡಕಲ್ ಅವರ ಪ್ರಶ್ನೆಗೆ ಅಂಬೇಡ್ಕರ್ ಅವರ ಎರಡು ಮಾತನ್ನು ಒಟ್ಟಿಗೆ ಓದಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು: ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ನೇರ ದಾರಿ. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಹೇಳಿದ್ದು: ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ಫ್ರೆಂಚ್ ಕ್ರಾಂತಿಯಿಂದ ತಂದಿಲ್ಲ, ನನ್ನ ಗುರು ಬುದ್ಧನ ಬೋಧೆಯಿಂದ ಪಡೆದಿದ್ದೇನೆ. ಅವಸರದಲ್ಲಿ ಓದಿದವರಿಗೆ ಎರಡೂ ಪರಸ್ಪರ ವಿರುದ್ಧ. ನಿಜವಾಗಿ ಮೊದಲನೆಯದು ವ್ಯಕ್ತಿಗೆ ಶರಣಾಗುವುದರ ಬಗ್ಗೆ, ಎರಡನೆಯದು ಮೌಲ್ಯದ ಮೂಲದ ಬಗ್ಗೆ. ಧರ್ಮದಿಂದ ಮೌಲ್ಯ ತಂದುಕೊಳ್ಳಿ, ಶರಣಾಗತಿಯನ್ನು ತರಬೇಡಿ ಎಂದು ಓದಿದರೆ ಎರಡೂ ನಿಲ್ಲುತ್ತವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರೇ ಧರ್ಮ ಬಿಟ್ಟು ಬೇರೆ ಧರ್ಮ ಹಿಡಿದರು. ಇಳಕಲ್ ಅಕ್ಕನವರ ಪರೀಕ್ಷೆಯಲ್ಲಿ ಪೂರ್ಣ ಪಾಸಾಗುವ ವಾದ ಅದು.

ತಾಳಿಕೋಟಿ_ರಸ್ತೆ

ವಿಜಯಪುರದವರು ಎರಡನೇ ಇಬ್ರಾಹಿಂ ಆದಿಲಶಾಹನ್ನ ಹೇಳಲಿಲ್ಲ ಅಂದ್ರ ಹೆಂಗ? ಸರಸ್ವತಿಯನ್ನ ಸ್ತುತಿಸಿದ ಸುಲ್ತಾನ, ಜಗದ್ಗುರು ಅಂತ ಕರಸಿಕೊಂಡಾವ.

ಗುಮ್ಮಟನಗರಿ (ವಿಜಯಪುರ)

ಹೇಳಬೇಕು, ಆದ್ರ ಎಚ್ಚರಿಕಿಲೆ. ದೊರಿ ದೊಡ್ಡ ಮನಸಿನಾವ ಇದ್ದ ಅನ್ನೋದು ಸಹಿಷ್ಣುತಾಕ್ಕ ಉದಾಹರಣೆ, ಹಕ್ಕಿಗೆ ಅಲ್ಲ. 1627ಕ್ಕ ಅವ ತೀರಿದ, ಮುಂದ ಏನು ಅನ್ನೋದು ಮುಂದಿನ ದೊರಿಯ ಮನಸಿಗೆ ಬಿಟ್ಟದ್ದು. ಕೃಪಾದಿಂದ ಸಿಕ್ಕದ್ದನ್ನ ಹಕ್ಕಿನ ಲೆಕ್ಕಕ್ಕ ಹಿಡಿದ್ರ ಅದು ನ್ಯಾಯಶಾಸ್ತ್ರದ ಅಸಿದ್ಧ ಹೇತು, ಅಂದ್ರ ಸಾಬೀತಾಗದ ಕಾರಣ, ಆಗತದ.

ಅಥಣಿ_ಓದುಗ

ಮಧ್ವಮತದ ಉದಾಹರಣೆಯನ್ನು ಯಾರೂ ತೆಗೆಯಲಿಲ್ಲ. ಅಲ್ಲಿ ತತ್ತ್ವ ಎರಡೇ, ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರ ವಿಷ್ಣು ಒಬ್ಬನೇ. ವ್ಯಕ್ತಿಸ್ವಾತಂತ್ರ್ಯಕ್ಕೆ ಇದು ಪೂರ್ಣ ವಿರುದ್ಧ ಎಂದು ವಿರೋಧದವರು ಹಿಡಿಯಬಹುದು. ಆದರೆ ಅಸ್ವತಂತ್ರರ ಪಟ್ಟಿಯಲ್ಲಿ ಅರಸನೂ ಇದ್ದಾನೆ, ಮಂತ್ರಿಯೂ ಇದ್ದಾನೆ. ಅದನ್ನು ಹಿಡಿದು ಪರದವರು ಅದೇ ಸೂತ್ರ ತಿರುಗಿಸಬಹುದು.

ಜಮಖಂಡಿ_ಮಾಸ್ತರ

ಅಲ್ಲಿ ತಾರತಮ್ಯ ಐತ್ರಿ. ಜೀವರೊಳಗ ಮ್ಯಾಲೆ ಕೆಳಗ ಅಂತ ಒಪ್ಪಿದ ದರ್ಶನ ಅದು. "ಎಲ್ಲಾರೂ ಸಮ ಅಸ್ವತಂತ್ರರು" ಅನ್ನೋ ವ್ಯಾಪ್ತಿ ಸಿಗೂದಿಲ್ಲ. ತಿರುಗಿಸಿದ್ರ ಎದುರಾಳಿ ಹಿಡೀತಾನ.

ಅಥಣಿ_ಓದುಗ

ತಾರತಮ್ಯ ಯೋಗ್ಯತೆಯಲ್ಲಿ. ಅಸ್ವತಂತ್ರತೆ ಎಲ್ಲ ಜೀವರಿಗೂ ಒಂದೇ. ಲಕ್ಷ್ಮಿಯೂ ಅಸ್ವತಂತ್ರಳೇ. ಅಷ್ಟು ಸಾಕು, ಅರಸನ ಪೂರ್ಣಾಧಿಕಾರ ಅಲ್ಲಾಡಿತು.

ಘಟಪ್ರಭಾ_ದಂಡಿ (ಗೋಕಾಕ)

ಬಹಳ ಉಪಕಾರ ಆತ್ರಿ ಎಲ್ಲಾರದೂ. ನಾಕು ನಿಮಿಷದಾಗ ಇದನ್ನ ಹೆಂಗ ಹಂಚಸಬೇಕು? ಮತ್ತ ಅಭ್ಯಾಸಕ್ಕ ಮೊದಲ ಯಾವ ಪಾಠ ಕೊಡ್ಲಿ?

ಜಮಖಂಡಿ_ಮಾಸ್ತರ

ಪರದವರಿಗೆ: ಮೊದಲ ಅರ್ಧ ನಿಮಿಷ "ಯಾರಿಂದ ಸ್ವಾತಂತ್ರ್ಯ, ಯಾರಿಗೆ" ಅಂತ ಗೆರಿ ಎಳೀಬೇಕು. ಒಂದೂವರಿ ನಿಮಿಷ ಒಂದs ವಚನ ಅಥವಾ ಒಂದs ಪತ್ರ, ಕೊನಿ ಸಾಲು ಸೈತ. ಒಂದು ನಿಮಿಷ ದೇವರ ಹೆಸರಿಲ್ಲದ ಎರಡನೇ ದಾರಿ. ಉಳಿದ ಒಂದು ನಿಮಿಷ ಧರ್ಮ ಬಿಟ್ಟವನ ಪ್ರಶ್ನೆಗೆ, ಎದುರಾಳಿ ಕೇಳೋಕಿಂತ ಮೊದಲ. ವಿರೋಧದವರು ಗ್ರಂಥಕ್ಕ ಕೈ ಹಚ್ಚೂದು ಬ್ಯಾಡ, ಬಿಟ್ಟುಹೋದ ವ್ಯಾಪ್ತಿ ಹುಡುಕಿ ಅದನ್ನs ಒತ್ತಲಿ. ಗ್ರಂಥಾ ಬೈದ್ರ ಸಭಾ ಕೈ ಬಿಡತೈತಿ.

ನ್ಯಾಯನೋಟ (ಬೆಳಗಾವಿ)

ಮೊದಲ ಪಾಠವಾಗಿ 1986ರ ಬಿಜೋ ಎಮ್ಯಾನುಯೆಲ್ ತೀರ್ಪು ಕೊಡಿ, ಚಿಕ್ಕದು. ಕೇರಳದ ಮೂರು ಮಕ್ಕಳು ಯೆಹೋವನ ಸಾಕ್ಷಿಗಳ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. ಕೋರ್ಟು ನಡೆದ ದಾರಿ ನೋಡಿ. ಹಾಡಲೇಬೇಕೆಂಬ ಕಾನೂನು ಇಲ್ಲ, ಇರುವುದು ಇಲಾಖೆಯ ಸುತ್ತೋಲೆ. ಸುತ್ತೋಲೆಯಿಂದ ಸಂವಿಧಾನದ 19(1)(ಎ) ವಿಧಿಯ ವಾಕ್‌ಸ್ವಾತಂತ್ರ್ಯದ ಹಕ್ಕನ್ನು ಮೊಟಕು ಮಾಡಲಾಗದು. ಆಮೇಲೆ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯ. ಆ ನಂಬಿಕೆ ನಮಗೆ ಸರಿ ಕಾಣುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆಯೇ ಅಲ್ಲ, ಅವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದು ಪ್ರಶ್ನೆ ಎಂದಿತು. ಪ್ರತಿಜ್ಞೆ, ಹೇತು, ವ್ಯಾಪ್ತಿ ಮೂರಕ್ಕೂ ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಹಾಕಿಸಿ. ಜೊತೆಗೆ 25ನೇ ವಿಧಿಯ ಇಂಗ್ಲಿಷ್ ಪಾಠವನ್ನೂ ಇಡಿ. ಅಲ್ಲಿ ಮಿತಿ ಮೊದಲು ಬರುತ್ತದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಹಕ್ಕು ಆಮೇಲೆ. 19ನೇ ವಿಧಿ ನಾಗರಿಕರಿಗೆ ಮಾತ್ರ, 25ನೇ ವಿಧಿ ಎಲ್ಲ ವ್ಯಕ್ತಿಗಳಿಗೂ. ಇದನ್ನು ಹುಡುಗರು ತಾವೇ ಕಂಡುಹಿಡಿಯಲಿ.

ಹಿಡಕಲ್_ನೀರು

ಆ ತೀರ್ಪು ಓದತೀನಿ. ಆದ್ರ ಪ್ರಾಮಾಣಿಕ ನಂಬಿಕಿ ಅಂತ ಕೋರ್ಟು ಹೆಂಗ ಅಳೀತೈತಿ ಅನ್ನೋ ಪ್ರಶ್ನೆ ನಂದು ಹಂಗs ಉಳಿತು, ಸರ. ಯಾರಾದರೂ ಅದನ್ನ ಬಿಡಿಸಿ ಹೇಳ್ರಿ.